ಎಲ್ಲರೂ ಎಲ್ಲರೊಡನೆ

"ಸರಿಯಾಗಿ ಎಳಿಯೋ. ಮೂಲೆ ಹಿಡಿ ಅಂದ್ರೆ ಮಧ್ಯ ಹಿಡೀತಾನೆ," ಎಂದಳು ಅಕ್ಕ.

ಒಗೆದು ಒಣಗಿಸಿದ ಹಾಸುಬಟ್ಟೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಸಂಪಾದಕನ ಕೈಯಲ್ಲಿ. ಸಂಪಾದಕ ಎನ್ನುವುದು ಈಗ ಬರೀ ಅಡ್ಡಹೆಸರು. ಅವನ ವಾರಪತ್ರಿಕೆ ಬಾಗಿಲು ಹಾಕಿ ಎರಡು ವರ್ಷವಾಗಿತ್ತು. ಅಂದಿನಿಂದ ಅಕ್ಕನ ಮನೆಯೇ ಗತಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅವಳು ಜನರ ಪ್ಯಾಂಟು ಮೋಟು ಮಾಡುತ್ತಿದ್ದಳು, ಜಿಪ್ಪು ಬದಲಿಸುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಇವನು ಲೋಕವನ್ನು ಜರೆಯುತ್ತಿದ್ದ.

"ಮುದ್ರಣಾಲಯದವರಿಗೆ ಉತ್ತರ ಬರೆದೆಯಾ?"

"ಬರೀತೀನಿ."

"ಕೆಲಸಕ್ಕೆ ಬಾ ಅಂತ ಅವರು ಕರೆದು ಎರಡು ತಿಂಗಳಾಯ್ತು. ಇವತ್ತು ಸಂಜೆಯೊಳಗೆ ತಿಳಿಸದಿದ್ರೆ ಬೇರೆಯವರನ್ನ ತಗೋತಾರಂತೆ. ಅಲ್ಲಿನ ಯಜಮಾನ್ರು ಅಂಗಿ ಹೊಲಿಸೋಕೆ ಬಂದಾಗ ಹೇಳಿದ್ರು."

"ಪಠ್ಯಪುಸ್ತಕದ ತಪ್ಪು ತಿದ್ದೋ ಕೂಲಿ! ನನ್ನ ತಾಣದ ಪಂದ್ಯ ಮುಗೀಲಿ, ನೋಡೋಣ."

"ಹೂಂ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ."

ಅಂತರ್ಜಾಲದಲ್ಲಿ ಸಂಪಾದಕ ಒಂದು ತಾಣ ನಡೆಸುತ್ತಿದ್ದ. ಅಲ್ಲಿ ಬರೆಯುವವರು ನಿಜ ಹೆಸರು ಬಿಟ್ಟು ಒಂದೊಂದು ಪಾತ್ರ ಹೊತ್ತು ಬರುತ್ತಿದ್ದರು. ಇಬ್ಬರು ಎದುರುಬದುರಾಗಿ, ಮಾತಿಗೆ ಮಾತು ಕೊಟ್ಟು ಒಂದು ದೃಶ್ಯ ಕಟ್ಟಬೇಕು. ಯಾರದು ಮೇಲು ಎಂಬ ತೀರ್ಪು ಸಂಪಾದಕನದು. ಇದ್ದವರು ಎಂಟು ಜನ: ಕಡಲುಗಳ್ಳ, ವಿಧವೆ ರಾಣಿ, ನ್ಯಾಯಾಧೀಶ, ಮಾತಾಡುವ ಬೆಕ್ಕು, ಇನ್ನೂ ನಾಲ್ವರು.

ಎಂಟು ಜನರನ್ನೂ ಅವನು ಭೇದವಿಲ್ಲದೆ ತುಚ್ಛವಾಗಿ ಕಾಣುತ್ತಿದ್ದ. ಕಡಲುಗಳ್ಳ ಬಾಯಿ ತೆರೆದರೆ ಅಜ್ಜಿಯ ಹಾಗೆ ಗಾದೆ. ರಾಣಿಗೆ ಸಿಂಹಾಸನಕ್ಕಿಂತ ಅದರ ಹೊದಿಕೆಯ ಅಂಚಿನದೇ ಧ್ಯಾನ. ನ್ಯಾಯಾಧೀಶನಂತೂ ಗಲ್ಲಿಗೆ ಹೋಗುವವನನ್ನೂ ಊಟ ಆಯಿತೇ ಎಂದು ವಿಚಾರಿಸುತ್ತಾನೆ. ಸಂಪಾದಕ ಅವರಿಗೆ ನೀರಿಳಿಯುವಂತೆ ಬರೆಯುತ್ತಿದ್ದ. ಬೈಸಿಕೊಂಡಷ್ಟೂ ಅವರು ಮತ್ತೆ ಬರುತ್ತಿದ್ದರು. ಬೈಯಲು ಜನ ಸಿಕ್ಕ ಮೇಲೆ ಅವನ ಮುಖಕ್ಕೂ ಕಳೆ ಬಂದಿತ್ತು. ಹೋದ ತಿಂಗಳು ಅಕ್ಕ ಜ್ವರ ಬಂದು ಮಲಗಿದ ವಾರ ಮಾತ್ರ ನರಕ. ಮನೆಯಲ್ಲೂ ಮಾತಿಲ್ಲ, ತಾಣದಲ್ಲೂ ಒಬ್ಬನ ಸುಳಿವಿಲ್ಲ. ಶಿಸ್ತಿಲ್ಲದ ಮಂದೆ.

"ಪಂದ್ಯಕ್ಕೆ ಯಾವ ಮಾದರಿ ಇಡೋದು ಅಂತ ಯೋಚಿಸ್ತಿದ್ದೀನಿ," ಎಂದ ಸಂಪಾದಕ, ಬಟ್ಟೆ ಮಡಿಸಲು ಅಕ್ಕನತ್ತ ಬರುತ್ತಾ. "ನಾಕೌಟ್ ಅಂದ್ರೆ ಸೋತವನು ಮನೆಗೆ. ಏಳೇ ಪಂದ್ಯ. ಲೀಗ್ ಅಂದ್ರೆ ಎಲ್ಲರೂ ಎಲ್ಲರೊಡನೆ. ಇಪ್ಪತ್ತೆಂಟು."

ಅಕ್ಕನ ಕೈಯಿಂದ ಮೂಲೆ ಜಾರಿತು.

"ಇಪ್ಪತ್ತೆಂಟಾ! ಸೋತವನು ಮನೆಗೆ ಅನ್ನೋದೇ ವಾಸಿ ಕಣೋ. ಪಾಪ, ಅವರಿಗೂ ಮನೆಮಠ ಇರುತ್ತೆ."

"ಒಂದೇ ಸಲ ಸೋಲಿಸಿ ಬಿಟ್ಟರೆ ತಾವೆಷ್ಟು ಪೆದ್ದರು ಅಂತ ಅವರಿಗೆ ತಿಳಿಯೋದು ಹೇಗೆ? ಎಲ್ಲರ ಕೈಲೂ ಸೋಲಬೇಕು."

"ದಿನಕ್ಕೊಂದು ಪಂದ್ಯವಾದ್ರೂ ಇಡು."

"ಊಹೂಂ. ನಾಲ್ಕು ಜೋಡೀನೂ ಒಂದೇ ಹೊತ್ತಿಗೆ ಬರೀಬೇಕು. ಐದು ನಿಮಿಷ ಸುಮ್ಮನಿದ್ದವನು ಸೋತ ಹಾಗೆ. ಎಂಟೂ ಜನ ನನ್ನ ಕಣ್ಣೆದುರಲ್ಲಿ ಬೆವರಬೇಕು."

"ಅಷ್ಟು ಹಿಂಡಿದ್ರೆ ಒಬ್ಬರೂ ಉಳಿಯಲ್ಲ ನೋಡು."

"ಪ್ಯಾಂಟು ಮೋಟು ಮಾಡೋಳಿಗೆ ಇದರ ಮರ್ಮ ಏನು ಗೊತ್ತು? ಸುಮ್ಮನಿರಕ್ಕ."

ಅಕ್ಕ ಮಡಿಸಿದ ಬಟ್ಟೆಯನ್ನು ಕಪಾಟಿಗೆ ತುರುಕಿದಳು. ಗಿರಾಕಿಗಳಿಗೆ ಉತ್ತರ ಕೊಡಬೇಕು ಎನ್ನುತ್ತಾ ಫೋನು ಹಿಡಿದು ಮುಂದಿನ ಕೋಣೆಗೆ ಹೋದಳು.

ಸಂಪಾದಕ ನಿಯಮ ಪ್ರಕಟಿಸಿದ. ಹೊಲಿಗೆ ಯಂತ್ರದ ಸದ್ದೂ ಇಲ್ಲದ ಮಧ್ಯಾಹ್ನ. ಮೊದಲು ಕಡಲುಗಳ್ಳ ಬಂದ: ಇಷ್ಟು ಪಂದ್ಯ ತನ್ನಿಂದಾಗದು, ನಾಕೌಟ್ ಇಡಿ. ಹಿಂದೆಯೇ ರಾಣಿ ಬಂದಳು, ಕೈನೋವು ಎಂದಳು. ನ್ಯಾಯಾಧೀಶ ಗೋಗರೆದ. ಬೆಕ್ಕೂ ಕಾಲು ಹಿಡಿಯಿತು.

ಸಂಪಾದಕನಿಗೆ ಹೇಸಿಗೆಯಾಯಿತು, ಹಿತವೂ ಆಯಿತು. ಎಲ್ಲರೂ ಒಂದೇ ರಾಗ. ಸ್ವಂತ ಬುದ್ಧಿ ಎಂಬುದು ಒಬ್ಬನಿಗೂ ಇಲ್ಲ. 'ನಿಯಮ ನಿಯಮವೇ. ಕೈಲಾಗದವರು ತೊಲಗಬಹುದು. ಇಂದು ಸಂಜೆಯೇ ಮೊದಲ ಸುತ್ತು' ಎಂದು ಬರೆದು ಎದ್ದ.

"ಅಕ್ಕಾ, ಬಿಸಿನೀರಿದೆಯಾ?"

"ಇದೆ. ಅವಸರ ಮಾಡಬೇಡ, ನಿಧಾನಕ್ಕೆ ಸ್ನಾನ ಮಾಡು," ಎಂದಳು ಅಕ್ಕ, ಫೋನಿನಿಂದ ತಲೆ ಎತ್ತದೆ.

ಬಚ್ಚಲಿನ ಬಾಗಿಲು ಮುಚ್ಚಿತು. ಅಕ್ಕ ಹೆಬ್ಬೆರಳು ನೀವಿಕೊಂಡು ಕಡಲುಗಳ್ಳನ ಹಡಗು ಮುಳುಗಿಸಿದಳು. ರಾಣಿಗೆ ಮರುಮದುವೆ ಮಾಡಿ ದೂರದೇಶಕ್ಕೆ ಕಳಿಸಿದಳು. ನ್ಯಾಯಾಧೀಶನಿಗೆ ನಿವೃತ್ತಿ ಕೊಟ್ಟಳು. ಬೆಕ್ಕನ್ನು ಗೋಡೆ ಹಾರಿಸಿದಳು. ತಾಣ ತೆರೆದ ಹೊಸತರಲ್ಲಿ ಒಂದು ನೊಣವೂ ಅತ್ತ ಹಾರದೆ ತನ್ನ ತಮ್ಮ ಊಟ ಬಿಟ್ಟು ಮಲಗಿದ್ದಾಗ, ಅವನನ್ನು ಎಬ್ಬಿಸಲೆಂದು ತಾನೇ ಒಬ್ಬೊಬ್ಬರನ್ನಾಗಿ ಹುಟ್ಟಿಸಿದ್ದ ಎಂಟು ಜನರನ್ನೂ, ಉಳಿದ ನಾಲ್ವರ ಸಮೇತ, ಒಬ್ಬಳೇ ಕೂತು ಸಾಗಹಾಕಿದಳು.

ಆಮೇಲೆ ಅವನ ಕಂಪ್ಯೂಟರಿನ ಮುಂದೆ ಕೂತು, ಎಲ್ಲಕ್ಕಿಂತ ಸಲೀಸಾದ ಒಂಬತ್ತನೆಯ ಪಾತ್ರವನ್ನು ಹೊತ್ತು, 'ಯಜಮಾನರೇ, ನಿಮ್ಮಲ್ಲಿ ಬಲ್ಲವರು ಯಾರೂ ಇಲ್ಲವೆಂದು ತಿಳಿದು ಸೋಮವಾರದಿಂದ ಬರುತ್ತಿದ್ದೇನೆ. ಮೇಜು ಕಿಟಕಿಯ ಪಕ್ಕ ಇರಲಿ' ಎಂದು ಮುದ್ರಣಾಲಯಕ್ಕೆ ಬರೆದು ಕಳಿಸಿಯೇಬಿಟ್ಟಳು.