ಅಕ್ಕಾ ಅಂದರೆ

ತಮ್ಮ ಕೂಗಿದಾಗ ನಾನು ಓಗೊಡಲಿಲ್ಲ. ನರಮೇಧದ ಈ ಸ್ಮಾರಕ ಮ್ಯೂಸಿಯಮ್ಮಿನಲ್ಲಿ ಅವನ ಪಕ್ಕ ನಿಂತು, ಗಾಜಿನ ಹಿಂದಿನ ಮಕ್ಕಳ ಚಪ್ಪಲಿಗಳ ರಾಶಿ ನೋಡುವಾಗ ಅದೇ ನೆನಪು.

ಎಂಬತ್ತೆಂಟರ ಬೇಸಿಗೆ. ಮಸ್ಕತ್ತಿನ ಘಾಲಾದಲ್ಲಿ, ಅಪ್ಪನ ಗ್ಯಾರೇಜಿನ ಹಿಂದೆ ಅಕ್ಕಪಕ್ಕದ ಹಿಂದಿ ಮಾತಾಡುವ ಹುಡುಗರೊಂದಿಗೆ ಆಡುತ್ತಿದ್ದೆವು. ಊರಿನಿಂದ ಆಗಷ್ಟೇ ಬಂದಿದ್ದ ತಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. ಇವನು ನಮ್ಮವನಲ್ಲವೆಂದು ಹುಡುಗರು ಅವನನ್ನು ಖಾಲಿ ಕಂಟೇನರಿಗೆ ತಳ್ಳಿ ಬಾಗಿಲು ಹಾಕಿದರು. ಅವನ ಒಂದು ಚಪ್ಪಲಿ ಹೊರಗೇ ಉಳಿಯಿತು. ಕಾದ ಕಬ್ಬಿಣ ಬಡಿಯುತ್ತಾ ಅವನು "ಅಕ್ಕಾ, ಅಕ್ಕಾ" ಎಂದು ಕಿರುಚಿದ.

"ಅಕ್ಕಾ ಮತ್ಲಬ್ ಕ್ಯಾ?" ಒಬ್ಬ ನನ್ನನ್ನೇ ಅರ್ಥ ಕೇಳಿದ.

ನನ್ನನ್ನೂ ಒಳಗೆ ತಳ್ಳಿದರೆ? "ಮಾಲೂಮ್ ನಹೀ" ಎಂದೆ, ಗೊತ್ತಿಲ್ಲವೆಂದು.

ಸಂಜೆ, ಬೊಕ್ಕೆ ಎದ್ದ ಅವನ ಅಂಗೈಗೆ ತೆಂಗಿನೆಣ್ಣೆ ಹಚ್ಚುತ್ತಾ ಅಮ್ಮ ಕೇಳಿದರು: "ಅಕ್ಕನನ್ನು ಕರೀಬಾರ್ದಿತ್ತಾ ಮಗಾ?"

"ಕರೆದೆ. ಅವಳಿಗೆ ಕೇಳ್ಲಿಲ್ಲ."

ಈಗ ಗಾಜಿನ ಮುಂದೆ ಅವನ ಆ ಅಂಗೈಯನ್ನು ಹಿಡಿದುಕೊಂಡೆ.

"ಕೇಳಿತ್ತು ತಮ್ಮಾ. ತಪ್ಪಾಯ್ತು."