ಕಿತ್ತುಕೊಂಡ ಫ್ಲಾಪಿ

"ಚೀಲ ತೋರಿಸು."

ನಾದಿನಿ ತೋರಿಸಿದಳು. ಬಣ್ಣದ ಉಣ್ಣೆ ಎಳೆಗಳು, ಕತ್ತರಿ, ಒಂದು ಮ್ಯಾಗ್ನೆಟ್. ಭಾವ ಮ್ಯಾಗ್ನೆಟ್ ಎತ್ತಿಕೊಂಡ.

"ಇದ್ಯಾಕೆ?"

"ಗುಂಡುಸೂಜಿ ಬಿದ್ರೆ ಆಯೋಕೆ, ಭಾವ."

"ಫ್ಲಾಪಿಗೆ ತಾಗಿಸಿದ್ರೆ ಎಲ್ಲ ಅಳಿಸಿಹೋಗುತ್ತೆ ಅಂತ ನನಗೂ ಗೊತ್ತಮ್ಮ. ನನ್ನ ಕಿವಿಗೆ ಹೂವಿಡಬೇಡ."

ಮ್ಯಾಗ್ನೆಟ್ ಅವನ ಡ್ರಾಯರ್ ಸೇರಿತು. ಬಾಗಿಲಲ್ಲಿ ನಿಂತಿದ್ದ ಅಕ್ಕ ನೆಲ ನೋಡಿದಳು.

ಕಾರ್ಖಾನೆಯ ರತ್ನಗಂಬಳಿಗಳ ನಕ್ಷೆಗಳೆಲ್ಲ ಆ ಒಂದು ಫ್ಲಾಪಿಯಲ್ಲಿದ್ದವು. ಬಿಡಿಸಿದ್ದು ನಾದಿನಿ. ಪ್ರತಿ ನಕ್ಷೆಯ ಅಂಚಿನಲ್ಲೂ ಅವಳ ಹೆಸರಿತ್ತು. ಮೇಳದಲ್ಲಿ ಖರೀದಿದಾರರ ಮುಂದೆ ಆ ಹೆಸರು ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದ ಭಾವ, ಈಗ ಮೇಳಕ್ಕೆ ಹೊರಡುವ ಮುಂಚೆ ಅವಳೆದುರೇ ಕಾರ್ಖಾನೆಯ ಯುನಿಕ್ಸ್ ಕಂಪ್ಯೂಟರ್ ಯಂತ್ರದ ಮುಂದೆ ಕೂತು, ಆ ಹೆಸರನ್ನು ಅಳಿಸಿ ತನ್ನದನ್ನು ಹಾಕುತ್ತಿದ್ದ. ಒಂದೇ ಆಜ್ಞೆಗೆ ಎಲ್ಲ ನಕ್ಷೆಗಳಲ್ಲೂ ಹೆಸರು ಬದಲಾಗುವ ವಿದ್ಯೆಯನ್ನು ಎಲ್ಲಿಂದಲೋ ಕಲಿತು ಬಂದಿದ್ದ.

"ಮನೆಯವರ ಕೆಲಸ. ಯಾರ ಹೆಸರಿದ್ರೇನು?"

"ಅದೇ ಭಾವ. ಯಾರ ಹೆಸರಿದ್ರೇನು." ಒಳಗೆ ಕೆಂಡ ನಿಗಿನಿಗಿ ಎನ್ನುತ್ತಿತ್ತು.

ಆ ಯಂತ್ರದ ಮೇಲೆ ಹಿಂದೆ ಅವಳೊಂದು ಚೀಟಿ ಅಂಟಿಸಿದ್ದಳು: ‘ಇಳಿಸುವ ಆಜ್ಞೆ ಕೊಡದೆ ಫ್ಲಾಪಿ ತೆಗೆಯಬೇಡಿ.’ "ಇದೇನು ಸಿಮೆಂಟ್ ಮೂಟೆನಾ, ಇಳಿಸೋಕೆ?" ಎಂದು ನಕ್ಕು ಅದನ್ನು ಹರಿದವನೂ ಭಾವನೇ. ಅವನ ಕೋಣೆಯ ಬೇರೆ ಕಂಪ್ಯೂಟರಿನಲ್ಲಿ ಡ್ರೈವಿನ ದೀಪ ಆರಿದರೆ ಸಾಕು, ಫ್ಲಾಪಿ ಎಳೆಯಬಹುದಿತ್ತು.

ಕೀಲಿ ಒತ್ತಿದ. ಪರದೆಯ ತುಂಬ ಅವನದೇ ಹೆಸರು. ಡ್ರೈವಿನ ದೀಪ ಆರಿತ್ತು. ಅವನು ಮೀಸೆಗೆ ಕೈ ಹಾಕುವಷ್ಟರಲ್ಲಿ ಅವಳು ಮುಂದೆ ಬಾಗಿ ಕೈ ಚಾಚಿದಳು.

"ಇರಿ ಭಾವ, ನಾನೇ ತೆಗೆದುಕೊಡ್ತೀನಿ."

"ಮುಟ್ಟಬೇಡ!" ಗುಂಡಿ ಒತ್ತಿ, ಫ್ಲಾಪಿ ಕಿತ್ತು ಜೇಬಿಗಿಳಿಸಿದ. "ಕಳ್ಳಿ! ನಿನ್ನ ಕೈಗೆ ಸಿಕ್ಕಿದ್ರೆ ಕಥೆ ಮುಗೀತು."

ಹೊರಗೆ ಕಾರಿನ ಹಾರ್ನ್. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು.

"ಹೋಗ್ಲಿ ಬಿಡೇ," ಎಂದು ಪಿಸುಗುಟ್ಟಿ ಅಕ್ಕ ಗಂಡನ ಹಿಂದೆ ನಡೆದಳು.

ಮೇಳದ ಸಭಾಂಗಣದಲ್ಲಿ ಭಾವ ಗಂಟಲು ಸರಿಮಾಡಿಕೊಂಡು, "ಎಲ್ಲ ನನ್ನ ಕೈಯದೇ," ಎಂದ. ದೊಡ್ಡ ಪರದೆಯಲ್ಲಿ ಮೊದಲ ನಕ್ಷೆ ಮೂಡಿತು. ಆಮೇಲೆ ಇನ್ನೊಂದು. ಮತ್ತೊಂದು.

ಕನ್ನಡಕದ ಖರೀದಿದಾರಳು ಎದ್ದು ನಿಂತಳು. "ತುಂಬ ಚೆನ್ನಾಗಿವೆ. ಆದ್ರೆ ಅಂಚಲ್ಲಿರೋ ಈ ಹೆಂಗಸಿನ ಹೆಸರು ಯಾರದ್ದು?"

ಭಾವ ಪರದೆಯತ್ತ ತಿರುಗಿದ. ಅಲ್ಲಿದ್ದದ್ದು ನಾದಿನಿಯ ಹೆಸರೇ. ಅವನು ತಿದ್ದಿದ್ದೆಲ್ಲ ಕಾರ್ಖಾನೆಯ ಯಂತ್ರದ ನೆನಪಿನಲ್ಲೇ ಉಳಿದಿತ್ತು. ಇಳಿಸುವ ಆಜ್ಞೆ ಕೊಟ್ಟ ಮೇಲೆಯೇ ಆ ಯಂತ್ರ ತಿದ್ದಿದ್ದನ್ನು ಫ್ಲಾಪಿಗೆ ಬರೆಯುತ್ತಿತ್ತು; ಅದಕ್ಕೂ ಮೊದಲೇ ಕಿತ್ತಿದ್ದರಿಂದ ಒಂದಕ್ಷರವೂ ಫ್ಲಾಪಿ ತಲುಪಿರಲಿಲ್ಲ.

"ನನ್ನ ತಂಗೀದು," ಎಂದಳು ಹಿಂದಿನ ಸಾಲಿನಿಂದ ಅಕ್ಕ.

ಸಭಾಂಗಣದ ಹೊರಗಿನ ಟೆಲಿಫೋನಿನಿಂದ ಅವಳು ತಂಗಿಗೆ ಕರೆ ಮಾಡಿದಳು. "ನಿನ್ನನ್ನೇ ಕರೆಸಿ ಅಂತಿದಾರೆ ಕಣೇ. ಪಾಪ, ಸುಮ್ಮನೆ ಅಷ್ಟೊಂದು ಅತ್ತೆಯಲ್ಲೇ ಆಗ!"

"ಅತ್ತಿದ್ದಲ್ಲಕ್ಕ, ನಗು ತಡೆದಿದ್ದು. ನಾನು ಕೈ ಚಾಚಿದ್ರೆ ಭಾವ ಕಿತ್ಕೊಂಡೇ ಕಿತ್ಕೋತಾರೆ ಅಂತ ನನಗೆ ಗೊತ್ತಿರಲಿಲ್ವಾ?"