ಗಯಾಬಾಯಿಯ ಕಲ್ಲು

ಮಂಠಾಳದ ಇಳಿಜಾರಿನ ನಟ್ಟನಡುವೆ ನಾಗನಾಥ ಬ್ರೇಕ್ ತುಳಿದ. ನಿಜಾಮರ ಕಾಲದ ವ್ಯಾನು ಗಕ್ಕನೆ ನಿಂತಿತು. ಹಿಂಬಾಗಿಲಿನಿಂದ ಅವನ ತಾಯಿ ಗಯಾಬಾಯಿ ರೂಢಿಯಂತೆ ದಪ್ಪ ಕಲ್ಲೊಂದನ್ನು ಹೊತ್ತು ಇಳಿದಳು. ಹನ್ನೆರಡು ವರ್ಷ, ವ್ಯಾನು ನಿಂತಲ್ಲೆಲ್ಲ ಗಾಲಿಗೆ ಕಲ್ಲು ಕೊಟ್ಟವಳು ಆಕೆಯೇ.

ಇಳಿಜಾರಿನಲ್ಲಿ ಹಿಡಿಯದ ಸರಳಿನ ಹಳೇ ಬ್ರೇಕು ಕಿತ್ತುಹಾಕಿ, ನಾಗನಾಥ ತನ್ನ ಕೈಯಾರೆ ಆಯಿಲ್ ಬ್ರೇಕು ಕೂಡಿಸಿದ್ದ. ಆದರೂ ಹುಮನಾಬಾದಿಗೆ ಹೊರಟ ಮಂದಿ ಹತ್ತಲೊಪ್ಪದೆ, ಮೊದಲು ನಿಲ್ಲಿಸಿ ತೋರಿಸೆಂದು ರಸ್ತೆಬದಿಯಲ್ಲೇ ನಿಂತಿದ್ದರು.

"ಅಕಿ ಕೈಯಾಗ ಕಲ್ಲ್ ಅದ ನೋಡ್ರಿ," ಎಂದು ಹುರಿಮೀಸೆಯ ಮಾಣಿಕಪ್ಪ ನಕ್ಕ. "ಹಡದಾಕಿಗೇ ಭರೋಸಾ ಇಲ್ಲ!"

ನಾಗನಾಥನ ಮುಖ ಕಪ್ಪಿಟ್ಟಿತು. ಗಯಾಬಾಯಿ ಮಾತ್ರ ಗಾಲಿಯ ಬಳಿ ಬಗ್ಗಲಿಲ್ಲ. ಅದನ್ನು ದಾಟಿ ನೇರ ವ್ಯಾನಿನ ಮುಂದಕ್ಕೆ ಬಂದಳು. ಬಂಪರಿನಿಂದ ಗೇಣು ದೂರದಲ್ಲಿ, ಇಳಿಜಾರಿನ ಕಡೆಗೆ ಕಲ್ಲಿಟ್ಟು, ವ್ಯಾನಿಗೆ ಬೆನ್ನು ಹಾಕಿ ಅದರ ಮೇಲೇ ಕುಳಿತಳು. ಸೊಂಟದ ಎಲೆಯಡಿಕೆಯ ಚಂಚಿ ಬಿಚ್ಚಿದಳು.

"ಅವ್ವಾ, ಏಳಬೇ!" ನಾಗನಾಥ ಒಳಗಿನಿಂದ ಕೂಗಿದ.

"ಯಾಕ ಏಳಲಿ? ಅಡಕಿ ಕತ್ತರಸಾಕತ್ತೇನಿ, ಅವಸರ ಮಾಡಬ್ಯಾಡ."

ವ್ಯಾನು ಕೂದಲೆಳೆಯಷ್ಟೂ ಕದಲಲಿಲ್ಲ. ಎಲೆಗೆ ಸುಣ್ಣ ಸವರುತ್ತ ಗಯಾಬಾಯಿ ತಲೆಯೆತ್ತಿದಳು.

"ಮಾಣಿಕಪ್ಪಾ, ನಿನಗೂ ಒಂದ್ ಎಲಿ ಹಚ್ಚಲೇನು? ಬಾ, ನನ್ನ ಬಾಜೂಕ ಕುಂದ್ರು."